ಗಡಿನಾಡಿನ ಪ್ರೌಢಶಾಲೆಯಲ್ಲಿ ಕೈಕೆಲಸದ ಪಾಠ: ಸೂಳಗಿರಿ ಸೀಮೆಯನ್ನು ಮುಂದಿಟ್ಟುಕೊಂಡು ಕೆಲವು ವಿಚಾರಗಳು

(ಆನ್‌ಲೈನ್ ವಿಚಾರ ಸಂಕಿರಣದಲ್ಲಿ ಮಂಡಿಸಿದ ಉಪನ್ಯಾಸದ ಬರಹರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೆಯೇ ಉಳಿಸಿಕೊಳ್ಳಲಾಗಿದೆ. ಕೊನೆಯಲ್ಲಿ ಸಂವಾದದ ಮುಖ್ಯ ಭಾಗವಿದೆ.)

ನಾನು ಕನ್ನಡ ಎಂ.ಎ. ವಿದ್ಯಾರ್ಥಿ. ಸಾಹಿತ್ಯದ ವಿದ್ಯಾರ್ಥಿ ಹೈಸ್ಕೂಲಿನ ಪ್ರಾಯೋಗಿಕ ತರಗತಿ, ವೃತ್ತಿಶಿಕ್ಷಣ ಅಂತ ಯಾಕೆ ಮಾತಾಡಬೇಕು ಅನ್ನೋ ಪ್ರಶ್ನೆ ನಿಮ್ಮಲ್ಲಿ ಕೆಲವರಿಗೆ ಬಂದಿರಬಹುದು. ನನ್ನ ಉತ್ತರ ಸರಳವಾಗಿದೆ. ಕೆಲಸ ಕಲಿಸೋದು ಅಂದ್ರೆ ಮಾತು ಕಲಿಸೋದೂ ಹೌದು. ಒಂದು ಸೀಮೆಯ ಮಕ್ಕಳು ಯಾವ ಮಾತಿನಲ್ಲಿ ಕೆಲಸ ಕಲಿಯುತ್ತಾರೋ, ಆ ಮಾತು ಮುಂದಿನ ತಲೆಮಾರಿಗೆ ಉಳಿಯುತ್ತದೆ. ಯಾವ ಮಾತಿಗೆ ಕೆಲಸದ ಜೊತೆಗಿನ ನಂಟು ತಪ್ಪುತ್ತದೋ ಅದು ಹಬ್ಬಕ್ಕೆ, ಹಾಡಿಗೆ, ಜಗಳಕ್ಕೆ ಮಾತ್ರ ಸೀಮಿತವಾಗುತ್ತದೆ. ನನ್ನೂರಿನ ಕಡೆ ಈಗ ಆಗುತ್ತಿರುವುದು ಇದೇ. ಆದ್ದರಿಂದ ಇದು ಸಾಹಿತ್ಯ ವಿಭಾಗದ ವಿಷಯವೂ ಹೌದು ಎಂದು ತಿಳಿದು ಮಾತು ಆರಂಭಿಸುತ್ತೇನೆ.

1. ಸೀಮೆಯ ಪರಿಚಯ

ಸೂಳಗಿರಿ ತಮಿಳುನಾಡಿನ ಕೃಷ್ಣಗಿರಿ ಜಿಲ್ಲೆಯಲ್ಲಿದೆ. ಬೆಂಗಳೂರಿನಿಂದ ಹೊಸೂರು ದಾಟಿ ಕೃಷ್ಣಗಿರಿಯ ಕಡೆ ಹೆದ್ದಾರಿಯಲ್ಲಿ ಸುಮಾರು 25 ಕಿ.ಮೀ. ಹೋದರೆ ಸಿಗುವ ಊರು. ಕನ್ನಡದಲ್ಲಿ ಶೂಲಗಿರಿ ಎಂದೂ ಬರೆಯುತ್ತಾರೆ. ಈ ಸೀಮೆ ಹಿಂದೆ ಸೇಲಂ ಜಿಲ್ಲೆಯಲ್ಲಿತ್ತು. 1965ರಲ್ಲಿ ಧರ್ಮಪುರಿ ಜಿಲ್ಲೆಗೆ ಸೇರಿತು, 2004ರಲ್ಲಿ ಕೃಷ್ಣಗಿರಿ ಜಿಲ್ಲೆಗೆ ಬಂತು. ಜಿಲ್ಲೆಯ ಹೆಸರು ಬದಲಾದಂತೆ ಜನರ ಮಾತು ಬದಲಾಗಲಿಲ್ಲ. ಒಂದೇ ಬೀದಿಯಲ್ಲಿ ತೆಲುಗು, ಕನ್ನಡ, ತಮಿಳು, ಉರ್ದು ನಾಲ್ಕೂ ಕೇಳಿಸುತ್ತವೆ. ಹೊಸೂರು, ತಳಿ, ಡೆಂಕಣಿಕೋಟೆ ಕಡೆ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳು ಇಂದಿಗೂ ನಡೆಯುತ್ತಿವೆ.

ಕಸುಬಿನ ವಿಷಯಕ್ಕೆ ಬಂದರೆ, ಮಳೆ ನಂಬಿದ ಹೊಲದಲ್ಲಿ ರಾಗಿ, ಹುರುಳಿ, ಅವರೆ. ಬೋರ್‌ವೆಲ್ ಇರುವ ಕಡೆ ಟೊಮೆಟೊ, ಎಲೆಕೋಸು, ಕೊತ್ತಂಬರಿ ಸೊಪ್ಪು. ಸೂಳಗಿರಿಯ ಕೊತ್ತಂಬರಿ ಸೊಪ್ಪಿನ ಮಾರುಕಟ್ಟೆ ನಮ್ಮ ಕಡೆ ಎಲ್ಲರಿಗೂ ಗೊತ್ತು. ಇದಲ್ಲದೆ ರೇಷ್ಮೆ. ಕೇಂದ್ರ ರೇಷ್ಮೆ ಮಂಡಳಿಯು ರೇಷ್ಮೆಹುಳು ಮತ್ತು ಹಿಪ್ಪುನೇರಳೆ ತಳಿಗಳನ್ನು ಕಾಪಾಡುವ ತನ್ನ ಕೇಂದ್ರವನ್ನು ಹೊಸೂರಿನಲ್ಲಿಯೇ ಇಟ್ಟಿದೆ. ಇನ್ನೊಂದು ಕಡೆ ಕಾರ್ಖಾನೆಗಳು. ಹೊಸೂರಿನ ಸಿಪ್ಕಾಟ್ ಕೈಗಾರಿಕಾ ಪ್ರದೇಶ 1970ರ ದಶಕದಲ್ಲಿ ಬಂತು. ಅಶೋಕ್ ಲೇಲ್ಯಾಂಡ್, ಟಿವಿಎಸ್, ಟೈಟಾನ್ ಬಂದವು. ಈಗ ಸೂಳಗಿರಿಗೂ ಸಿಪ್ಕಾಟ್ ಬಂದಿದೆ. ವಿದ್ಯುತ್ ಸ್ಕೂಟರ್ ಮತ್ತು ಮೊಬೈಲ್ ಬಿಡಿಭಾಗಗಳ ಕಾರ್ಖಾನೆಗಳೂ ಜಿಲ್ಲೆಯಲ್ಲಿವೆ. ಅಂದ್ರೆ ಒಂದೇ ಮನೆಯಲ್ಲಿ ಅಮ್ಮ ಹುಳ ಸಾಕುತ್ತಾಳೆ, ಅಪ್ಪ ಟೊಮೆಟೊ ಬೆಳೆಯುತ್ತಾನೆ, ಅಕ್ಕ ಕಂಪನಿ ಬಸ್ಸು ಹತ್ತುತ್ತಾಳೆ. ಇಷ್ಟೊಂದು ಕಸುಬು ಕಣ್ಣೆದುರಿಗೇ ಇರುವ ಸೀಮೆಯಲ್ಲಿ ಶಾಲೆಯ ಕೈಕೆಲಸದ ಪಾಠ ಹೇಗಿರಬೇಕು ಎಂಬುದು ಇಲ್ಲಿನ ಪ್ರಶ್ನೆ.

2. ‘ಪ್ರಾಕ್ಟಿಕಲ್’ ಎಂದರೆ ಯಾವುದು?

ನಾವು ಈ ಪದವನ್ನು ಸಡಿಲವಾಗಿ ಬಳಸುತ್ತೇವೆ. ಚರ್ಚೆಗೆ ಅನುಕೂಲವಾಗಲಿ ಎಂದು ಮೂರಾಗಿ ವಿಂಗಡಿಸಿಕೊಳ್ಳೋಣ.

ಮೊದಲನೆಯದು ವಿಜ್ಞಾನದ ಪ್ರಯೋಗ. ತಮಿಳುನಾಡಿನ ಹತ್ತನೇ ತರಗತಿ ವಿಜ್ಞಾನದಲ್ಲಿ 75 ಅಂಕ ಬರಹಕ್ಕೆ, 25 ಅಂಕ ಪ್ರಯೋಗಕ್ಕೆ. ಇಲ್ಲಿ ಏನು ಮಾಡಬೇಕು, ಎಷ್ಟು ಅಂಕ ಎಂಬುದು ಮೊದಲೇ ಗೊತ್ತಾಗಿರುವುದರಿಂದ ಹೇಗೋ ನಡೆಯುತ್ತದೆ. ಎರಡನೆಯದು ಕಾರ್ಯಾನುಭವ. ತೋಟಗಾರಿಕೆ, ಹೊಲಿಗೆ, ಕಾಗದದ ಕೆಲಸ, ಮರಗೆಲಸ ಇಂಥವು. ವೇಳಾಪಟ್ಟಿಯಲ್ಲಿ ಜಾಗ ಉಂಟು, ಪಬ್ಲಿಕ್ ಪರೀಕ್ಷೆಯಲ್ಲಿ ಇಲ್ಲ. ಮೂರನೆಯದು ಹನ್ನೊಂದು ಮತ್ತು ಹನ್ನೆರಡನೇ ತರಗತಿಯ ವೃತ್ತಿಶಿಕ್ಷಣ ವಿಭಾಗ. ತಮಿಳುನಾಡಿನಲ್ಲಿ 1978ರಲ್ಲಿ ಹೈಯರ್ ಸೆಕೆಂಡರಿ ಪದ್ಧತಿ ಬಂದಾಗ ಅದರ ಜೊತೆಗೇ ಈ ವಿಭಾಗವೂ ಬಂತು. ಕೃಷಿ ವಿಜ್ಞಾನ, ಮೂಲ ಯಂತ್ರಶಾಸ್ತ್ರ, ಮೂಲ ವಿದ್ಯುತ್‌ಶಾಸ್ತ್ರ, ನರ್ಸಿಂಗ್, ಉಡುಪು ವಿನ್ಯಾಸ, ಕಚೇರಿ ನಿರ್ವಹಣೆ ಮೊದಲಾದ ವಿಷಯಗಳು ಇದರಲ್ಲಿವೆ. ಕರ್ನಾಟಕದ ಗೆಳೆಯರಿಗೆ ಹೋಲಿಕೆ ಬೇಕಾದರೆ, ಪಿಯುಸಿ ಜೊತೆಗೆ ಹಿಂದೆ ನಡೆಯುತ್ತಿದ್ದ ಜೆಒಸಿ ಕೋರ್ಸುಗಳನ್ನು ನೆನಪಿಸಿಕೊಳ್ಳಿ.

ಈ ಮೂರರ ನಡುವೆ ಸಂಬಂಧವೇ ಇಲ್ಲದಿರುವುದು ಮೊದಲ ತೊಡಕು. ಒಂಬತ್ತನೇ ತರಗತಿಯ ತೋಟಗಾರಿಕೆ ಪೀರಿಯಡ್ಡಿನಲ್ಲಿ ಕಲಿತದ್ದು ಹತ್ತನೆಯ ತರಗತಿಯ ಸಸ್ಯಶಾಸ್ತ್ರಕ್ಕೆ ಲೆಕ್ಕಕ್ಕಿಲ್ಲ. ಹತ್ತರಲ್ಲಿ ಪ್ರಯೋಗ ಚೆನ್ನಾಗಿ ಮಾಡಿದ ಹುಡುಗ ಹನ್ನೊಂದಕ್ಕೆ ವೃತ್ತಿ ವಿಭಾಗ ಕೇಳಿದರೆ ‘ಮಾರ್ಕ್ಸ್ ಕಡಿಮೆ ಬಂತಾ?’ ಎಂದು ಕೇಳುತ್ತಾರೆ. ನಾನು ಓದಿದ ಶಾಲೆಯಲ್ಲಿ ಹತ್ತನೇ ತರಗತಿ ಶುರುವಾದ ಮೇಲೆ ಕಾರ್ಯಾನುಭವದ ಪೀರಿಯಡ್ಡು ಗಣಿತದ ರಿವಿಷನ್ನಿಗೆ ಹೋಯಿತು. ತೋಟದ ಸಲಿಕೆಗಳು ಸ್ಟೋರ್ ರೂಮಿನಲ್ಲಿ ಬೀಗ ಹಾಕಿಕೊಂಡು ಕೂತವು. ಗಣಿತದ ಮೇಷ್ಟ್ರನ್ನು ದೂರುವಂತಿಲ್ಲ. ಫಲಿತಾಂಶ ಕಡಿಮೆಯಾದರೆ ಉತ್ತರ ಕೊಡಬೇಕಾದವರು ಅವರು, ಸಲಿಕೆಗಲ್ಲ.

3. ವಾರ್ಧಾ ಮತ್ತು ತೊರಪಳ್ಳಿ

ಈ ವಿಷಯಕ್ಕೆ ನಮ್ಮ ಸೀಮೆಯಲ್ಲಿ ಒಂದು ವಿಶೇಷ ಚರಿತ್ರೆಯಿದೆ. ಅದನ್ನು ಸ್ವಲ್ಪ ವಿವರವಾಗಿ ನೋಡಬೇಕು.

1937ರ ಅಕ್ಟೋಬರಿನಲ್ಲಿ ವಾರ್ಧಾದಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಶಿಕ್ಷಣ ಸಮ್ಮೇಳನ ನಡೆಯಿತು. ಅಲ್ಲಿಂದ ಹುಟ್ಟಿದ್ದು ಮೂಲಶಿಕ್ಷಣ, ಅಂದರೆ ನಯೀ ತಾಲೀಮ್. ಜಾಕಿರ್ ಹುಸೇನ್ ಸಮಿತಿ ಅದರ ಪಠ್ಯಕ್ರಮವನ್ನು ರೂಪಿಸಿತು. ಅದರ ಮುಖ್ಯ ಅಂಶಗಳು ನಮಗೆ ಇಲ್ಲಿ ಬೇಕು. ಏಳು ವರ್ಷದ ಉಚಿತ, ಕಡ್ಡಾಯ ಶಿಕ್ಷಣ. ಮಾತೃಭಾಷೆಯಲ್ಲಿ ಬೋಧನೆ. ಒಂದು ಉತ್ಪಾದಕ ಕೈಕೆಲಸವನ್ನು ನಡುವಿಟ್ಟುಕೊಂಡು ಉಳಿದ ವಿಷಯಗಳನ್ನು ಅದರ ಸುತ್ತ ಕಲಿಸುವುದು. ನೂಲುವಾಗ ಎಳೆ ಎಣಿಸಿ ಗಣಿತ, ಹತ್ತಿ ಎಲ್ಲಿಂದ ಬಂತು ಎಂದು ಭೂಗೋಳ, ಹೀಗೆ. ಮಾತೃಭಾಷೆ ಮತ್ತು ಕೈಕೆಲಸ ಎರಡೂ ಒಂದೇ ಯೋಜನೆಯ ಎರಡು ಕಾಲುಗಳಾಗಿದ್ದವು ಎಂಬುದನ್ನು ದಯವಿಟ್ಟು ಗಮನಿಸಿ.

ಇನ್ನು ತೊರಪಳ್ಳಿ. ಹೊಸೂರಿಗೆ ಹತ್ತಿರದ ಈ ಹಳ್ಳಿಯಲ್ಲಿ 1878ರಲ್ಲಿ ಹುಟ್ಟಿದವರು ಸಿ. ರಾಜಗೋಪಾಲಾಚಾರಿ. ಅವರು ಮದ್ರಾಸ್ ರಾಜ್ಯದ ಮುಖ್ಯಮಂತ್ರಿಯಾಗಿದ್ದಾಗ, 1953ರಲ್ಲಿ, ಪ್ರಾಥಮಿಕ ಶಿಕ್ಷಣದ ಹೊಸ ಯೋಜನೆಯೊಂದನ್ನು ಗ್ರಾಮೀಣ ಶಾಲೆಗಳಿಗೆ ತಂದರು. ಶಾಲೆ ಎರಡು ಪಾಳಿಯಲ್ಲಿ ನಡೆಯುವುದು. ಒಂದು ಮಗುವಿಗೆ ದಿನಕ್ಕೆ ಸುಮಾರು ಮೂರು ಗಂಟೆ ಪಾಠ. ಉಳಿದ ಹೊತ್ತು ಮಗು ಮನೆಯಲ್ಲಿ ಅಪ್ಪ ಅಮ್ಮನ ಕಸುಬು ಕಲಿಯುವುದು. ಹೆಚ್ಚು ಮಕ್ಕಳನ್ನು ಶಾಲೆಗೆ ಸೇರಿಸಿಕೊಳ್ಳಲು ಹಣವಿಲ್ಲ, ಕಟ್ಟಡವಿಲ್ಲ ಎಂಬ ಕಾರಣವೂ ಇದರ ಹಿಂದೆ ಇತ್ತು. ಆಗಿನ ಮದ್ರಾಸ್ ರಾಜ್ಯದಲ್ಲಿ ಹೊಸೂರು ಮಾತ್ರವಲ್ಲ, ದಕ್ಷಿಣ ಕನ್ನಡವೂ ಇತ್ತು. ಹಾಗಾಗಿ ಇದು ಕನ್ನಡಿಗರ ಶಿಕ್ಷಣದ ಇತಿಹಾಸವೂ ಹೌದು.

ವಿರೋಧ ದೊಡ್ಡದಾಗಿಯೇ ಬಂತು. ಪೆರಿಯಾರ್ ಮತ್ತು ದ್ರಾವಿಡ ಚಳವಳಿಯವರು ಇದನ್ನು ‘ಕುಲಕಲ್ವಿ’, ಅಂದರೆ ಕುಲದ ಶಿಕ್ಷಣ ಎಂದು ಕರೆದರು. ಅಪ್ಪನ ಕಸುಬು ಎಂದರೆ ನಮ್ಮ ದೇಶದಲ್ಲಿ ಅಪ್ಪನ ಜಾತಿ. ಕ್ಷೌರಿಕನ ಮಗ ಅರ್ಧ ದಿನ ಕ್ಷೌರ, ಚಮ್ಮಾರನ ಮಗ ಅರ್ಧ ದಿನ ಚರ್ಮ, ಕೂಲಿಯವನ ಮಗ ಅರ್ಧ ದಿನ ಒಡೆಯನ ಹೊಲ. ಓದಿದವರ ಮನೆಯ ಮಗು ಅದೇ ಅರ್ಧ ದಿನ ಮನೆಯಲ್ಲಿ ಇನ್ನಷ್ಟು ಓದುತ್ತದೆ. ಈ ವಾದಕ್ಕೆ ಸರಿಯಾದ ಉತ್ತರ ಯಾರ ಹತ್ತಿರವೂ ಇರಲಿಲ್ಲ. 1954ರ ಏಪ್ರಿಲ್‌ನಲ್ಲಿ ಕಾಮರಾಜರು ಮುಖ್ಯಮಂತ್ರಿಯಾದರು, ಮೇ ತಿಂಗಳಲ್ಲಿ ಯೋಜನೆಯನ್ನು ಕೈಬಿಡಲಾಯಿತು.

ವಾರ್ಧಾ ಯೋಜನೆಯನ್ನೂ ಇದನ್ನೂ ಒಂದೇ ಎಂದು ನಮ್ಮ ತರಗತಿಗಳಲ್ಲಿ ಹಲವರು ಹೇಳುವುದನ್ನು ಕೇಳಿದ್ದೇನೆ. ವ್ಯತ್ಯಾಸ ದೊಡ್ಡದು. ವಾರ್ಧಾದಲ್ಲಿ ಕೈಕೆಲಸ ಶಾಲೆಯೊಳಗಿತ್ತು, ಎಲ್ಲ ಜಾತಿಯ ಮಕ್ಕಳೂ ಒಂದೇ ಚರಕದ ಮುಂದೆ ಕೂರಬೇಕಿತ್ತು. 1953ರ ಯೋಜನೆಯಲ್ಲಿ ಕೈಕೆಲಸ ಶಾಲೆಯ ಹೊರಗೆ ಹೋಯಿತು, ಮಗು ತನ್ನ ಕುಲದ ಕೆಲಸಕ್ಕೆ ವಾಪಸ್ಸು ಹೋಯಿತು. ಮೊದಲನೆಯದರಲ್ಲಿ ಕೆಲಸವನ್ನು ಜಾತಿಯಿಂದ ಬಿಡಿಸುವ ದಾರಿಯಾದರೂ ಇತ್ತು, ಎರಡನೆಯದರಲ್ಲಿ ಅದು ಮುಚ್ಚಿಹೋಯಿತು. ವೃತ್ತಿಶಿಕ್ಷಣದ ಯಾವ ಯೋಜನೆ ಬಂದರೂ ನಾವು ಕೇಳಬೇಕಾದ ಮೊದಲ ಪ್ರಶ್ನೆ ಇದರಿಂದ ಸಿಗುತ್ತದೆ: ಈ ಕೆಲಸವನ್ನು ಯಾರ ಮಕ್ಕಳು ಕಲಿಯುತ್ತಾರೆ, ಯಾರ ಮಕ್ಕಳು ಕಲಿಯುವುದಿಲ್ಲ?

ಆಮೇಲಿನ ಕಥೆಯನ್ನು ಬೇಗ ಹೇಳಿಬಿಡುತ್ತೇನೆ. 1964-66ರ ಕೊಠಾರಿ ಆಯೋಗ ‘ಕಾರ್ಯಾನುಭವ’ ಎಂಬ ಮಾತನ್ನು ತಂದಿತು. 1977ರಲ್ಲಿ ಈಶ್ವರಭಾಯಿ ಪಟೇಲ್ ಸಮಿತಿ ಅದನ್ನು ‘ಸಮಾಜೋಪಯೋಗಿ ಉತ್ಪಾದಕ ಕೆಲಸ’ ಎಂದು ಕರೆಯಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಆರರಿಂದ ಎಂಟನೇ ತರಗತಿಯ ಮಕ್ಕಳಿಗೆ ಹತ್ತು ದಿನ ‘ಚೀಲವಿಲ್ಲದ ದಿನ’ಗಳನ್ನು ಸೂಚಿಸಿತು. ಅದೇ ದಾಖಲೆಯ ಪ್ರಕಾರ 19ರಿಂದ 24 ವಯಸ್ಸಿನ ಭಾರತೀಯ ದುಡಿಮೆಗಾರರಲ್ಲಿ ಔಪಚಾರಿಕ ವೃತ್ತಿಶಿಕ್ಷಣ ಪಡೆದವರು ಶೇ. 5ಕ್ಕಿಂತ ಕಡಿಮೆ. ಜರ್ಮನಿಯಲ್ಲಿ ಅದು ಶೇ. 75, ದಕ್ಷಿಣ ಕೊರಿಯಾದಲ್ಲಿ ಶೇ. 96. ತಮಿಳುನಾಡು ಈ ನೀತಿಯನ್ನು ಒಪ್ಪಿಲ್ಲ. ಅಲ್ಲಿ 2022ರಲ್ಲಿ ‘ನಾನ್ ಮುದಲ್ವನ್’ ಎಂಬ ಕೌಶಲ್ಯ ಯೋಜನೆ ಶುರುವಾಗಿದೆ. ನೀತಿಯ ಹೆಸರು ಏನೇ ಇರಲಿ, ‘ಕುಲಕಲ್ವಿ’ಯ ನೆನಪು ನಮ್ಮ ಕಡೆ ಇನ್ನೂ ಹಸಿಯಾಗಿದೆ. ವೃತ್ತಿಶಿಕ್ಷಣ ಎಂದಾಗ ಹಿರಿಯರು ಅನುಮಾನದಿಂದ ನೋಡುವುದಕ್ಕೆ ಕಾರಣವಿದೆ, ಅದನ್ನು ಅಜ್ಞಾನ ಎಂದು ತಳ್ಳಿಹಾಕುವಂತಿಲ್ಲ.

4. ಒಂದು ಪಾಠ ಹೇಗಿರಬಹುದು?

ಚರಿತ್ರೆ ಸಾಕು. ತರಗತಿಯೊಳಗೆ ಹೋಗೋಣ. ಎರಡು ಉದಾಹರಣೆ ಕೊಡುತ್ತೇನೆ. ಎರಡಕ್ಕೂ ದುಬಾರಿ ಸಾಮಾನು ಬೇಡ.

ಮೊದಲನೆಯದು ‘ಹದ’. ರಾಗಿ ಬಿತ್ತುವ ಹೊತ್ತಿಗೆ ನಮ್ಮ ಕಡೆ ರೈತರು ಹೇಳುವ ಮಾತು, ‘ಹದ ಆರೋದ್ರೊಳಗೆ ಬಿತ್ಬೇಕು’. ಹದ ಎಂದರೇನು? ಒಂದು ಹಿಡಿ ಮಣ್ಣು ತೆಗೆದು ಅಂಗೈಯಲ್ಲಿ ಅದುಮುತ್ತಾರೆ. ನೀರು ಜಿನುಗಿ ಕೈಗೆ ಮೆತ್ತಿಕೊಂಡರೆ ಹಸಿ ಹೆಚ್ಚು. ಉಂಡೆಯೇ ಕಟ್ಟದೆ ಪುಡಿಯಾದರೆ ಹದ ಆರಿಹೋಗಿದೆ. ಉಂಡೆ ಕಟ್ಟಿ, ಬೆರಳಲ್ಲಿ ತಟ್ಟಿದರೆ ಬಿರಿಯಬೇಕು. ಅದು ಹದ. ಮಣ್ಣಿನ ತೇವವನ್ನು ಕೈಯಿಂದ ಮುಟ್ಟಿ ಅಂದಾಜು ಮಾಡುವ ಈ ಕ್ರಮವನ್ನು ಮಣ್ಣುವಿಜ್ಞಾನವೂ ಒಪ್ಪುತ್ತದೆ.

ಈಗ ಶಾಲೆಯ ಕೆಲಸ ಶುರು. ಅದೇ ಮಣ್ಣನ್ನು 100 ಗ್ರಾಂ ತೂಗಿ. ಪ್ರಯೋಗಾಲಯದಲ್ಲಿ 105 ಡಿಗ್ರಿ ಸೆಲ್ಸಿಯಸ್ ಒಲೆಯಲ್ಲಿ ಒಂದು ದಿನ ಒಣಗಿಸುತ್ತಾರೆ. ನಮ್ಮಲ್ಲಿ ಆ ಒಲೆ ಇಲ್ಲದಿದ್ದರೆ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ, ತೂಕ ಇಳಿಯುವುದು ನಿಲ್ಲುವವರೆಗೂ ಒಣಗಿಸಬಹುದು. ಒಣಗಿದ ಮೇಲೆ 85 ಗ್ರಾಂ ಬಂತು ಎಂದುಕೊಳ್ಳಿ. ಹೋದ ನೀರು 15 ಗ್ರಾಂ. ಒಣ ಮಣ್ಣಿನ ಲೆಕ್ಕದಲ್ಲಿ ತೇವಾಂಶ 15 ಭಾಗಿಸು 85, ಅಂದರೆ ಸುಮಾರು ಶೇ. 17.6. ಹದವಿದ್ದ ಮಣ್ಣು, ಹಸಿ ಮಣ್ಣು, ಆರಿದ ಮಣ್ಣು ಮೂರನ್ನೂ ಹೀಗೇ ಮಾಡಿ ಒಂದು ಪಟ್ಟಿ ಬರೆದರೆ ಅಜ್ಜನ ಕೈಗೆ ಗೊತ್ತಿದ್ದದ್ದು ಮೊಮ್ಮಗಳ ನೋಟ್‌ಬುಕ್ಕಿಗೆ ಸಂಖ್ಯೆಯಾಗಿ ಬರುತ್ತದೆ. ಕೆಂಪು ಮಣ್ಣಿಗೆ ಒಂದು ಸಂಖ್ಯೆ, ಜೇಡಿಮಣ್ಣಿಗೆ ಇನ್ನೊಂದು. ಯಾಕೆ ಬೇರೆ ಎಂದು ಮಕ್ಕಳೇ ಕೇಳುತ್ತಾರೆ. ಮುಂದಿನ ಪಾಠ ಅಲ್ಲಿಂದಲೇ ಹುಟ್ಟುತ್ತದೆ.

ಎರಡನೆಯದು ರೇಷ್ಮೆಹುಳ. ನಮ್ಮ ಮನೆಯಲ್ಲಿಯೂ ಸಾಕುತ್ತಿದ್ದರು. ಹುಳದ ಬದುಕು ಸುಮಾರು 25ರಿಂದ 28 ದಿನ. ಅದರಲ್ಲಿ ನಾಲ್ಕು ಸಲ ಅದು ಮೇವು ಬಿಟ್ಟು, ತಲೆ ಎತ್ತಿ, ಸುಮ್ಮನೆ ಕೂರುತ್ತದೆ. ಹಳೆಯ ಚರ್ಮ ಕಳಚಿ ಹೊಸದರಲ್ಲಿ ಎದ್ದು ಬರುತ್ತದೆ. ರೈತರು ಇದಕ್ಕೆ ‘ಜ್ವರ’ ಎನ್ನುತ್ತಾರೆ. ‘ಹುಳ ಎರಡನೇ ಜ್ವರಕ್ಕೆ ಕೂತಿದೆ’ ಎಂದರೆ ಮನೆಯವರಿಗೆಲ್ಲ ಅರ್ಥವಾಗುತ್ತದೆ: ಸೊಪ್ಪು ಹಾಕಬೇಡಿ, ತಟ್ಟೆ ಅಲುಗಾಡಿಸಬೇಡಿ, ಗಾಳಿಯಾಡಲು ಬಿಡಿ. ಆಗ ತಟ್ಟೆಯ ಮೇಲೆ ತೆಳ್ಳಗೆ ಸುಣ್ಣದ ಪುಡಿ ಉದುರಿಸುತ್ತಾರೆ. ಯಾಕೆ ಎಂದು ಕೇಳಿದರೆ ‘ಮೊದಲಿಂದ ಹಾಗೇ’ ಎನ್ನುವವರೂ ಇದ್ದಾರೆ. ಕಾರಣ ಬಹಳ ಚೊಕ್ಕವಾಗಿದೆ. ಸುಣ್ಣ ತೇವ ಹೀರುತ್ತದೆ, ಉಳಿದ ಸೊಪ್ಪು ಒಣಗುತ್ತದೆ. ಬೇಗ ಜ್ವರ ಬಿಟ್ಟು ಎದ್ದ ಹುಳ ಒಣ ಸೊಪ್ಪನ್ನು ತಿನ್ನುವುದಿಲ್ಲ, ಕಾಯುತ್ತದೆ. ಎಲ್ಲವೂ ಎದ್ದ ಮೇಲೆ ಒಟ್ಟಿಗೆ ಮೇವು ಕೊಡಬಹುದು. ಹಾಗೆ ಮಾಡದಿದ್ದರೆ ಒಂದೇ ತಟ್ಟೆಯಲ್ಲಿ ದೊಡ್ಡದು, ಚಿಕ್ಕದು ಬೆರೆತು ಹಣ್ಣಾಗುವ ಹೊತ್ತಿಗೆ ಗೊಂದಲವಾಗುತ್ತದೆ. ಇದರ ಜೊತೆಗೆ ತೇವ ಕಡಿಮೆಯಾದರೆ ರೋಗವೂ ಕಡಿಮೆ.

ಈ ಒಂದು ಹಿಡಿ ಸುಣ್ಣದಲ್ಲಿ ರಸಾಯನಶಾಸ್ತ್ರ ಇದೆ, ಜೀವಶಾಸ್ತ್ರ ಇದೆ. ಹುಳದ ಮನೆಯ ಗೋಡೆಗೆ ತೂಗುಹಾಕಿದ ಒಣ ಮತ್ತು ಒದ್ದೆ ಬಲ್ಬಿನ ಥರ್ಮಾಮೀಟರಿನಲ್ಲಿ ಭೌತಶಾಸ್ತ್ರ ಇದೆ. ಚಾಕಿ ಹುಳಕ್ಕೆ 26ರಿಂದ 28 ಡಿಗ್ರಿ ಶಾಖ, ಶೇ. 80ರಿಂದ 90 ತೇವಾಂಶ ಬೇಕು. ಒಣ ಬಲ್ಬು 26, ಒದ್ದೆ ಬಲ್ಬು 24 ತೋರಿಸಿದರೆ ಪಟ್ಟಿಯ ಪ್ರಕಾರ ತೇವಾಂಶ ಸುಮಾರು ಶೇ. 85. ಇದನ್ನು ಮನೆಯಲ್ಲಿ ಓದಿ ಹೇಳುವ ಮಗು, ಶಾಲೆಯ ಪ್ರಯೋಗಾಲಯದಲ್ಲಿ ಅದೇ ಉಪಕರಣವನ್ನು ಹೊಸದೆಂಬಂತೆ ನೋಡುತ್ತದೆ. ಐದನೆಯ ಹಂತದ ಆರೇಳು ದಿನದಲ್ಲಿ ಹುಳ ಒಟ್ಟು ಮೇವಿನ ಶೇ. 80ಕ್ಕೂ ಹೆಚ್ಚು ಭಾಗವನ್ನು ತಿಂದುಬಿಡುತ್ತದೆ. ಎಷ್ಟು ಮೊಟ್ಟೆಗೆ ಎಷ್ಟು ತೋಟ ಬೇಕು ಎಂಬ ಗಣಿತ ಅಲ್ಲಿದೆ.

5. ಪದಗಳ ಪ್ರಶ್ನೆ

ನನ್ನ ಜೊತೆ ಓದಿದ ಹುಡುಗಿಯೊಬ್ಬಳಿಗೆ ಹುಳದ ಮನೆಯ ಕೆಲಸವೆಲ್ಲ ಬರುತ್ತಿತ್ತು. ಸುಣ್ಣಕಟ್ಟು ರೋಗ, ಹಾಲುತೊಂಡೆ, ಸಪ್ಪೆರೋಗ ಮೂರನ್ನೂ ದೂರದಿಂದಲೇ ಗುರುತಿಸುತ್ತಿದ್ದಳು. ಪ್ರಯೋಗ ಪರೀಕ್ಷೆಯಲ್ಲಿ ಕೀಟದ ಜೀವನಚಕ್ರ ಕೇಳಿದಾಗ ಸುಮ್ಮನೆ ನಿಂತಳು. ‘ಜ್ವರ ಅಂತ ಹೇಳಿದ್ರೆ ನಗ್ತಾರೆ, ಪುಸ್ತಕದ ಪದ ನೆನಪಿಗೆ ಬರ್ಲಿಲ್ಲ’ ಎಂದು ಆಮೇಲೆ ಹೇಳಿದಳು. ಪುಸ್ತಕದಲ್ಲಿ ಇದ್ದದ್ದು ‘ಪೊರೆ ಕಳಚುವಿಕೆ’. ಮುಂದಿನ ತರಗತಿಗೆ ತಮಿಳು ಮಾಧ್ಯಮಕ್ಕೆ ಹೋದರೆ ಅದು ‘ತೋಲುರಿತ್ತಲ್’. ತರಬೇತಿ ಕೇಂದ್ರಕ್ಕೆ ಹೋದರೆ ‘ಮೌಲ್ಟಿಂಗ್’. ಒಂದೇ ಸಂಗತಿಗೆ ನಾಲ್ಕು ಪದ. ನಾಲ್ಕು ಬಂದರೆ ಅದು ಸಂಪತ್ತು. ಆದರೆ ಶಾಲೆ ಈ ನಾಲ್ಕನ್ನು ಒಂದರ ಪಕ್ಕ ಒಂದು ಇಟ್ಟು ತೋರಿಸಲಿಲ್ಲ. ಹಿಂದಿನದನ್ನು ಅಳಿಸಿ ಮುಂದಿನದನ್ನು ಬರೆಯಿತು. ಮೊದಲು ಅಳಿಸಿದ್ದು ಮನೆಯ ಪದವನ್ನು.

ಪುಸ್ತಕದ ಪದ ಬೇಡ ಎನ್ನುವುದು ನನ್ನ ವಾದವಲ್ಲ. ‘ಜ್ವರ’ ಎಂದಾಗ ಕಾಯಿಲೆಯೆಂಬ ತಪ್ಪು ತಿಳಿವಳಿಕೆ ಬರಬಹುದು, ‘ಪೊರೆ ಕಳಚುವಿಕೆ’ ಅದನ್ನು ಸರಿಪಡಿಸುತ್ತದೆ. ಆದರೆ ‘ಜ್ವರಕ್ಕೆ ಕೂತಿದೆ’ ಎನ್ನುವುದರಲ್ಲಿ ಹುಳವನ್ನು ಹೇಗೆ ನೋಡಿಕೊಳ್ಳಬೇಕು ಎಂಬ ಸೂಚನೆ ಅಡಗಿದೆ. ಜ್ವರ ಬಂದವರಿಗೆ ಊಟ ಒತ್ತಾಯ ಮಾಡಬಾರದು, ಅಲುಗಾಡಿಸಬಾರದು. ಒಂದು ಪದ ಸಂಗತಿಯನ್ನು ವಿವರಿಸುತ್ತದೆ, ಇನ್ನೊಂದು ಕೆಲಸವನ್ನು ನಡೆಸುತ್ತದೆ. ಚಂದ್ರಿಕೆ, ಚಾಕಿ, ಹಣ್ಣಾಗುವುದು, ಗೂಡು ಬಿಡಿಸುವುದು, ನೂಲು ಬಿಚ್ಚುವುದು ಇವೆಲ್ಲ ಹೀಗೆ ಕೆಲಸ ನಡೆಸುವ ಪದಗಳು.

ಕನ್ನಡಕ್ಕೆ ಇದು ಹೊಸದೂ ಅಲ್ಲ. ನಾವು ಶಾಸ್ತ್ರಸಾಹಿತ್ಯ ಎಂದು ಒಂದು ಪತ್ರಿಕೆಯಲ್ಲಿ ಹೆಸರು ಬಾಯಿಪಾಠ ಮಾಡಿ ಬಿಟ್ಟುಬಿಡುವ ಕೃತಿಗಳನ್ನು ನೆನಪಿಸಿಕೊಳ್ಳಿ. ಸುಮಾರು 1025ರಲ್ಲಿ ಇಮ್ಮಡಿ ಚಾವುಂಡರಾಯ ‘ಲೋಕೋಪಕಾರ’ದಲ್ಲಿ ನೀರು ಹುಡುಕುವುದು, ಗಿಡ ಬೆಳೆಸುವುದು, ಅಡುಗೆ, ಔಷಧ ಎಲ್ಲವನ್ನೂ ಸೇರಿಸಿದ. ಹನ್ನೆರಡನೆಯ ಶತಮಾನದಲ್ಲಿ ಕೀರ್ತಿವರ್ಮ ‘ಗೋವೈದ್ಯ’ ಬರೆದ, ರಾಜಾದಿತ್ಯ ‘ವ್ಯವಹಾರಗಣಿತ’ ಬರೆದ. ಮೂರನೆಯ ಮಂಗರಸನ ‘ಸೂಪಶಾಸ್ತ್ರ’ ಅಡುಗೆಯ ಗ್ರಂಥ. ಇಪ್ಪತ್ತನೆಯ ಶತಮಾನದಲ್ಲಿ ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ಮಕ್ಕಳ ಶಿಕ್ಷಣದ ಪ್ರಯೋಗ ನಡೆಸಿದರು, ‘ಬಾಲಪ್ರಪಂಚ’ ಬರೆದರು. ಒಂದು ಸಾವಿರ ವರ್ಷದಿಂದ ಕನ್ನಡ ಕೆಲಸದ ಬಗ್ಗೆ ಬರೆಯುತ್ತಿದೆ. ಹತ್ತನೇ ತರಗತಿಯ ಪ್ರಯೋಗ ಪರೀಕ್ಷೆಯಲ್ಲಿ ಅದು ಬಾಯಿ ಕಟ್ಟಿ ನಿಲ್ಲಬೇಕಾಗಿಲ್ಲ.

6. ಅಡ್ಡಿಗಳು

ಭಾಷೆಯ ಕಾನೂನು ಒಂದು. 2006ರ ತಮಿಳು ಕಲಿಕೆ ಕಾಯ್ದೆಯಿಂದ ತಮಿಳು ಮೊದಲ ಭಾಷೆಯಾಗಿ ಒಂದನೇ ತರಗತಿಯಿಂದ ಶುರುವಾಗಿ, ವರ್ಷಕ್ಕೊಂದು ತರಗತಿಯಂತೆ ಏರಿ, 2016ರ ಹೊತ್ತಿಗೆ ಹತ್ತನೆಯ ತರಗತಿ ಮುಟ್ಟಿತು. ಕನ್ನಡ, ತೆಲುಗು, ಉರ್ದು ಮಕ್ಕಳಿಗಾಗಿ ನ್ಯಾಯಾಲಯದಿಂದ ವಿನಾಯಿತಿ ಕೇಳಿ ಪಡೆಯಬೇಕಾಯಿತು. ತಮಿಳು ಕಲಿಯುವುದು ನಮ್ಮ ಮಕ್ಕಳಿಗೆ ಒಳ್ಳೆಯದೇ. ಅಂಗಡಿ, ಆಸ್ಪತ್ರೆ, ಕಚೇರಿ ಎಲ್ಲಕ್ಕೂ ಬೇಕು. ತೊಂದರೆ ಬರುವುದು ವೇಳಾಪಟ್ಟಿಯಲ್ಲಿ. ಮೂರು ಭಾಷೆಯ ಹೊರೆ ಹೊತ್ತ ಮಗುವಿನ ವಾರದಲ್ಲಿ ಮೊದಲು ಬಲಿಯಾಗುವುದು ಕೈಕೆಲಸದ ಪೀರಿಯಡ್ಡು.

ಹೆಣ್ಣು ಗಂಡಿನ ವಿಂಗಡಣೆ ಇನ್ನೊಂದು. ಹೊಲಿಗೆ ಹುಡುಗಿಯರಿಗೆ, ವೈರಿಂಗ್ ಹುಡುಗರಿಗೆ ಎಂದು ಶಾಲೆಯೇ ಹಂಚುತ್ತದೆ. ಹುಳದ ಮನೆಯಲ್ಲಿಯೂ ಹೀಗೆಯೇ. ಸೊಪ್ಪು ಹಾಕುವುದು, ತಟ್ಟೆ ಚೊಕ್ಕಟ ಮಾಡುವುದು, ರಾತ್ರಿ ಎದ್ದು ನೋಡುವುದು ಹೆಂಗಸರು. ಗೂಡಿನ ಮಾರುಕಟ್ಟೆಗೆ ಹೋಗಿ ದುಡ್ಡು ತರುವುದು ಗಂಡಸರು. ಶಾಲೆಯಲ್ಲಿ ಕಸುಬಿನ ಪಾಠಕ್ಕೆ ಲೆಕ್ಕ ಬರೆಯುವುದು, ಬೆಲೆ ತಿಳಿಯುವುದು ಸೇರದಿದ್ದರೆ ನಾವು ಹುಡುಗಿಯರಿಗೆ ದುಡಿಮೆಯನ್ನು ಮಾತ್ರ ಕಲಿಸಿದಂತೆ, ದುಡಿಮೆಯ ಫಲದ ಮೇಲಿನ ಹಕ್ಕನ್ನು ಅಲ್ಲ.

ಮೂರನೆಯದು ನಮ್ಮದೇ, ಅಂದರೆ ಕನ್ನಡ ವಿಭಾಗದವರದು. ಕಾಯಕದ ಬಗ್ಗೆ ನಾವು ವರ್ಷಕ್ಕೆ ಎಷ್ಟು ಪ್ರಬಂಧ ಮಂಡಿಸುತ್ತೇವೆ! ಅಂಬಿಗರ ಚೌಡಯ್ಯ, ಮೇದಾರ ಕೇತಯ್ಯ, ನುಲಿಯ ಚಂದಯ್ಯ, ಆಯ್ದಕ್ಕಿ ಲಕ್ಕಮ್ಮ ಎಂದು ಹೆಸರಿನಲ್ಲಿಯೇ ಕಸುಬು ಇರುವ ವಚನಕಾರರನ್ನು ಹೊಗಳುತ್ತೇವೆ. ಬುಟ್ಟಿ ಹೆಣೆಯುವಾಗ ಮೊದಲು ಹಾಕುವ ಎಳೆಗೆ ಏನು ಹೆಸರು ಎಂದು ಕೇಳಿದರೆ ಗೊತ್ತಿರುವುದಿಲ್ಲ. ಕಾಯಕವನ್ನು ಹೊಗಳುವುದು ಸುಲಭ. ಆ ಕೆಲಸ ಮಾಡುವವರ ಮಗಳು ಬಯಸಿದ್ದನ್ನು ಓದುವಂತಾಗುವುದು, ಬೇರೆಯವರ ಮಕ್ಕಳೂ ಆ ಬಿದಿರನ್ನು ಕೈಯಲ್ಲಿ ಹಿಡಿಯುವಂತಾಗುವುದು ಕಷ್ಟ. ಎರಡೂ ಒಟ್ಟಿಗೆ ಆಗದಿದ್ದರೆ 1953ಕ್ಕೆ ಹಿಂತಿರುಗುತ್ತೇವೆ.

7. ಏನು ಮಾಡಬಹುದು?

ನನ್ನ ಸಲಹೆಗಳು ಸಣ್ಣವು. ಒಂದು, ಕೈಕೆಲಸದ ಪೀರಿಯಡ್ಡಿನ ಕೆಲಸವನ್ನು ವಿಜ್ಞಾನದ ರೆಕಾರ್ಡ್ ಪುಸ್ತಕಕ್ಕೆ ಸೇರಿಸುವುದು. ಹದದ ಪ್ರಯೋಗವನ್ನು ಹಾಗೆ ಸೇರಿಸಿದರೆ ಪೀರಿಯಡ್ಡು ಉಳಿಯುತ್ತದೆ. ಎರಡು, ಕೆಲಸವನ್ನು ತರಗತಿಯ ಎಲ್ಲ ಮಕ್ಕಳೂ ಸರದಿಯಲ್ಲಿ ಮಾಡುವುದು. ಮೂರು, ಊರಿನ ಕಸುಬುದಾರರನ್ನು ವರ್ಷದಲ್ಲಿ ಕೆಲವು ದಿನ ಗೌರವಧನ ಕೊಟ್ಟು ಶಾಲೆಗೆ ಕರೆಯುವುದು. ಬರುವವರು ಮಕ್ಕಳ ಅಪ್ಪ ಅಮ್ಮಂದಿರೇ ಆಗಿರಬಹುದು. ತನ್ನ ಅಮ್ಮ ಕುರ್ಚಿಯಲ್ಲಿ ಕೂತು ಪಾಠ ಹೇಳುವುದನ್ನು ನೋಡುವ ಮಗುವಿಗೆ ಪುಸ್ತಕ ಹೇಳದ ಒಂದು ಸಂಗತಿ ತಿಳಿಯುತ್ತದೆ. ನಾಲ್ಕು, ಪ್ರತಿ ಶಾಲೆಯಲ್ಲಿ ಮಕ್ಕಳೇ ಬರೆಯುವ ಪದಪಟ್ಟಿ. ಮನೆಯ ಪದ, ಪುಸ್ತಕದ ಪದ, ತಮಿಳು ಪದ, ಕಾರ್ಖಾನೆಯ ಪದ ಎಂದು ನಾಲ್ಕು ಕಾಲಂ. ಇದಕ್ಕೆ ಕನ್ನಡ ಮೇಷ್ಟ್ರು, ವಿಜ್ಞಾನದ ಮೇಡಂ ಇಬ್ಬರೂ ಬೇಕು. ಈ ನಾಲ್ಕನೆಯ ಕೆಲಸದಲ್ಲಿ ನಮ್ಮ ವಿಭಾಗಗಳು ಕೈಜೋಡಿಸಬಹುದು. ಅದಕ್ಕೆ ಸರ್ಕಾರದ ಆದೇಶ ಬೇಕಾಗಿಲ್ಲ.

ಸಂವಾದ

ಪ್ರಶ್ನೆ: ಮಕ್ಕಳು ಸಿಪ್ಕಾಟ್ ಕೆಲಸಕ್ಕೆ ಹೋಗಬೇಕೆಂದಿರುವಾಗ ಹದ, ಚಂದ್ರಿಕೆ ಕಲಿಸುವುದರಿಂದ ಅವರಿಗೆ ಏನು ಪ್ರಯೋಜನ? ಇದು ನಮ್ಮ ಹಳಹಳಿಕೆ ಅಲ್ಲವೇ?

ಉತ್ತರ: ಒಳ್ಳೆಯ ಪ್ರಶ್ನೆ. ಎಲ್ಲರೂ ಹುಳ ಸಾಕಲಿ ಎಂದು ನಾನು ಹೇಳುತ್ತಿಲ್ಲ ಸರ್. ಕಂಪನಿಯಲ್ಲಿ ಕೇಳುವುದು ಏನು? ಅಳತೆ ಸರಿಯಾಗಿ ಓದುವುದು, ದಾಖಲೆ ಬರೆಯುವುದು, ತಪ್ಪು ಎಲ್ಲಿ ಆಯಿತು ಎಂದು ಹುಡುಕುವುದು. ಇವನ್ನು ಗೊತ್ತಿರುವ ವಸ್ತುವಿನ ಮೇಲೆ ಕಲಿತರೆ ಗಟ್ಟಿಯಾಗಿ ಕಲಿಯುತ್ತಾರೆ. ತೇವಾಂಶದ ಪಟ್ಟಿ ಓದಲು ಬಂದವಳಿಗೆ ಕಾರ್ಖಾನೆಯ ಪಟ್ಟಿ ಕಷ್ಟವಾಗುವುದಿಲ್ಲ.

ಪ್ರಶ್ನೆ: ತಮಿಳುನಾಡಿನಲ್ಲಿ ಬದುಕುವ ಮಕ್ಕಳಿಗೆ ಕನ್ನಡ ಪದಪಟ್ಟಿ ಇನ್ನೊಂದು ಹೊರೆ ಆಗುವುದಿಲ್ಲವೇ?

ಉತ್ತರ: ಮನೆಯ ಪದ ಅವರಿಗೆ ಆಗಲೇ ಗೊತ್ತಿದೆ, ಹೊರೆ ಅಲ್ಲ. ಗೊತ್ತಿರುವುದನ್ನು ಬರೆಯಲು ಒಂದು ಕಾಲಂ ಕೊಡಿ ಎನ್ನುತ್ತಿದ್ದೇನೆ ಅಷ್ಟೆ. ತಮಿಳು ಪದವೂ ಅದೇ ಹಾಳೆಯಲ್ಲಿ ಇರುತ್ತದೆ. ‘ತೋಲುರಿತ್ತಲ್’ನ ‘ತೋಲ್’ ನಮ್ಮ ‘ತೊಗಲು’ ಎಂದು ಮಗುವಿಗೆ ಹೊಳೆದರೆ ಎರಡು ಭಾಷೆಯೂ ಹತ್ತಿರವಾಗುತ್ತವೆ. 

ಅಧ್ಯಕ್ಷರು ಸಮಯ ಮುಗಿಯಿತು ಎಂದು ಸೂಚಿಸುತ್ತಿದ್ದಾರೆ. ನಾಲ್ಕು ಕಾಲಂಗಳ ಪಟ್ಟಿಯ ಒಂದು ಮಾದರಿಯನ್ನು, ರೇಷ್ಮೆ ಮತ್ತು ರಾಗಿ ಬೇಸಾಯದ ಪದಗಳೊಂದಿಗೆ, ನಮ್ಮ ಗುಂಪಿಗೆ ಕಳಿಸುತ್ತೇನೆ. ನಿಮ್ಮ ಊರಿನ ಪದಗಳನ್ನು ಸೇರಿಸಿ ವಾಪಸ್ಸು ಕಳಿಸಿದರೆ ಉಪಕಾರವಾಗುತ್ತದೆ.